ಸುಖ ಬಿಟ್ಟರಷ್ಟೇ ಆನಂದವೇ?

ಪರ

ಸಾವಿನಾಚೆ ಏನಿದೆ ಎಂದು ಕೇಳಿದ ನಚಿಕೇತನ ಬಾಯಿ ಮುಚ್ಚಿಸಲು ಯಮ ಏನೇನು ಒಡ್ಡಿದ ಎಂಬುದನ್ನು ಕಠೋಪನಿಷತ್ತು ಬಿಡಿಸಿ ಹೇಳುತ್ತದೆ: ಆನೆ, ಕುದುರೆ, ಚಿನ್ನ, ರಥವೇರಿದ ಚೆಲುವೆಯರು, ಬೇಕಾದಷ್ಟು ಆಯುಸ್ಸು. ಇವು ನಾಳೆಗೆ ಉಳಿಯುವವಲ್ಲ, ಇಂದ್ರಿಯಗಳ ಕಸುವನ್ನೂ ತಿಂದುಹಾಕುತ್ತವೆ ಎಂದು ಹುಡುಗ ಎಲ್ಲವನ್ನೂ ಒಲ್ಲೆನೆಂದ. ಒಳಿತಾದ ಶ್ರೇಯಸ್ಸು ಬೇರೆ, ಹಿತವೆನಿಸುವ ಪ್ರೇಯಸ್ಸು ಬೇರೆ ಎಂದು ಯಮ ಗೆರೆ ಎಳೆದದ್ದು ಆ ಬಳಿಕವೇ.

ಪ್ರಯೋಗಾಲಯವೂ ಇಂಥದ್ದೇ ಒಂದು ಗೆರೆಯ ಬಳಿ ಬಂದು ನಿಂತಿದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ತಂತಿ ಜೋಡಿಸಿ, ಸನ್ನೆ ಒತ್ತಿದರೆ ವಿದ್ಯುತ್ ಪ್ರಚೋದನೆ ಸಿಗುವಂತೆ ಮಾಡಿದರು. ಇಲಿಗಳು ಒತ್ತುತ್ತಲೇ ಹೋದವು. ಮಿದುಳಿನ ಆ ಭಾಗ ಸುಖದ ಕೇಂದ್ರವೆಂದೇ ಬಹುಕಾಲ ಹೆಸರಾಗಿತ್ತು. ದಶಕಗಳ ಬಳಿಕ ನರವಿಜ್ಞಾನಿ ಕೆಂಟ್ ಬೆರಿಡ್ಜ್ ತೋರಿಸಿದ್ದೇ ಬೇರೆ: ಮಿದುಳಿನ ರಾಸಾಯನಿಕವಾದ ಡೋಪಮೈನ್ ಮುಖ್ಯವಾಗಿ ಕೆರಳಿಸುವುದು ಬೇಕು ಬೇಕೆನ್ನುವ ಹಂಬಲವನ್ನು; ಸಿಕ್ಕಾಗ ಆಗುವ ಹಿತದ ದಾರಿ ಬೇರೆ. ಹಿತ ತಗ್ಗಿದರೂ ಹಂಬಲ ಏರುತ್ತಲೇ ಇರಬಹುದು. ಕುಡಿತಕ್ಕೆ ಬಿದ್ದವರ ಮನೆಯವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಬಯಸಿದ್ದು ಕೈಗೆ ಸಿಕ್ಕವರ ಕತೆಯೂ ಅಷ್ಟೇ. ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಅಧ್ಯಯನವೊಂದು 22 ಮಂದಿ ಲಾಟರಿ ವಿಜೇತರನ್ನು ಮಾತಾಡಿಸಿತ್ತು. ಅವರು ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚು ಸಂತೋಷವಾಗಿರಲಿಲ್ಲ. ಗೆಳೆಯರೊಡನೆ ಹರಟೆ, ಬೆಳಗಿನ ತಿಂಡಿಯಂಥ ಸಣ್ಣ ಖುಷಿಗಳೂ ಅವರಿಗೆ ಸಪ್ಪೆಯಾಗಿದ್ದವು.

ವಿರೋಧ

ಆದರೆ ಅದೇ ನಚಿಕೇತ ಮೊದಲ ವರವಾಗಿ ಕೇಳಿದ್ದೇನು? ಅಪ್ಪನ ಸಿಟ್ಟು ಇಳಿಯಲಿ, ಮನೆಗೆ ಮರಳಿದಾಗ ಗುರುತು ಹಿಡಿದು ಮಾತಾಡಿಸಲಿ ಎಂದು! ಸಾವಿನ ರಹಸ್ಯದ ಸರದಿ ಮೂರನೆಯದು. ತೈತ್ತಿರೀಯ ಉಪನಿಷತ್ತು ಆನಂದವನ್ನು ಅಳೆಯಲು ಹೊರಟಾಗಲೂ ಸುಖವನ್ನು ಹಳಿಯುವುದಿಲ್ಲ. ಗಟ್ಟಿಮುಟ್ಟಾದ, ಓದಿಕೊಂಡ ತರುಣನೊಬ್ಬನಿಗೆ ಸಿರಿ ತುಂಬಿದ ಭೂಮಿಯೆಲ್ಲ ದಕ್ಕಿದರೆ ಎಷ್ಟು ಸಂತೋಷವೋ ಅದೇ ಅದರ ಮೊದಲ ಅಳತೆ. ಮುಂದಿನದೆಲ್ಲ ಅದರ ನೂರ್ಮಡಿ, ಮತ್ತೆ ನೂರ್ಮಡಿ.

ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’ದ ಮೊದಲ ಅಧ್ಯಾಯ ಲೋಕಸುಖವನ್ನೇ ಎತ್ತಿಹಿಡಿದ ಚಾರ್ವಾಕರದು. ಅವರನ್ನು ಒಪ್ಪದ ಗ್ರಂಥವೇ ಅವರ ವಾದವನ್ನು ಜೀವಂತವಾಗಿ ಉಳಿಸಿತು: ದುಃಖ ಬೆರೆತಿದೆಯೆಂದು ಸುಖವನ್ನೇ ಬಿಡುವುದು, ಹೊಟ್ಟು ಅಂಟಿದೆಯೆಂದು ಭತ್ತವನ್ನೇ ಎಸೆದಂತೆ.

ತ್ಯಾಗದ ಮಾತು ಉಂಡವರಿಗೆ ಸಲೀಸು. ಬಿಡಲು ಏನೂ ಇಲ್ಲದವರ ಮುಂದೆ ಅದನ್ನು ಬೋಧಿಸುವುದು ನಿರ್ದಯೆ.

ಲಾಟರಿಯ ಸಾಕ್ಷ್ಯವೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಸ್ವೀಡನ್ನಿನಲ್ಲಿ ಬಹುದೊಡ್ಡ ಸಂಖ್ಯೆಯ ಲಾಟರಿ ಆಟಗಾರರನ್ನು 5ರಿಂದ 22 ವರ್ಷಗಳ ಬಳಿಕ ವಿಚಾರಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗೆಗಿನ ತೃಪ್ತಿ ದಶಕ ಕಳೆದರೂ ಹೆಚ್ಚಾಗಿಯೇ ಉಳಿದಿತ್ತು. ಅದೇ ಅಧ್ಯಯನದಲ್ಲಿ ಸಂತೋಷ ಮತ್ತು ಮಾನಸಿಕ ಆರೋಗ್ಯದ ಮೇಲಾದ ಪರಿಣಾಮ ಮಾತ್ರ ತೀರಾ ಚಿಕ್ಕದು. ಪರ ಪಕ್ಷದವರು ಬೆರಳಿಡುವುದು ಅಲ್ಲೇ.