ಪೆಟ್ಟಿಗೆ ಗಟ್ಟಿ, ತಂತ್ರಾಂಶ ಪೊಳ್ಳು: ಹಳೆಯ ಧ್ವನಿಮುದ್ರಣ ಉಪಕರಣಗಳ ಮರುಮಾರಾಟದ ಒಳಸುಳಿ

ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆಗಳನ್ನು ಸಂಗೀತದಿಂದ ಬೇರ್ಪಡಿಸಿ ನೋಡುವುದು ಕಷ್ಟ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ, 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದ ಶ್ರೀ ರಾಮಸೇವಾ ಮಂಡಳಿ, 1980ರಲ್ಲಿ ಆರಂಭವಾದ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನ ಎಲ್ಲವೂ ಇದೇ ಸೀಮೆಯವು. ಸಭೆ, ಮಂಡಳಿಗಳ ಈ ಇತಿಹಾಸ ಬಹುಮಟ್ಟಿಗೆ ದಾಖಲಾಗಿದೆ. ಆದರೆ ಇದೇ ಬಡಾವಣೆಗಳ ಮನೆಗಳ ಒಳಕೋಣೆಗಳಲ್ಲಿ ಕಳೆದ ಎರಡೂವರೆ ದಶಕಗಳಲ್ಲಿ ನಡೆದ ಇನ್ನೊಂದು ಬದಲಾವಣೆ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಅದು ಮನೆಮನೆಯ ಧ್ವನಿಮುದ್ರಣ ಕೋಣೆಗಳದು. ಆ ಕೋಣೆಗಳ ಮೊದಲ ತಲೆಮಾರಿನ ಉಪಕರಣಗಳು ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಅವುಗಳ ಜೊತೆ ಬರುವ ತಂತ್ರಾಂಶದ ಪ್ರಶ್ನೆಯೂ ಎದ್ದು ನಿಂತಿದೆ.

ಮದ್ರಾಸಿನಿಂದ ಮನೆಯಂಗಳಕ್ಕೆ

ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಒಂದು ಕಾಲಕ್ಕೆ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತು. 1980ರ ದಶಕದಲ್ಲಿ ನಟ, ನಿರ್ದೇಶಕ ಶಂಕರನಾಗ್ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ್ದು ಆ ಅವಲಂಬನೆಯಿಂದ ಹೊರಬರುವ ಪ್ರಯತ್ನವೇ ಆಗಿತ್ತು. ಅದಕ್ಕೂ ಮೊದಲು, 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದು, ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿತ್ತು. ಕ್ಯಾಸೆಟ್ ಮಾರುಕಟ್ಟೆ ಬೆಳೆದಂತೆ ಬೆಂಗಳೂರಿನ ಸ್ಟುಡಿಯೋಗಳೂ ಬೆಳೆದವು. ಆದರೂ ಸ್ಟುಡಿಯೋ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡಬೇಕಾದ ಜಾಗವಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದ್ದು ಗಣಕಯಂತ್ರ. 1990ರ ದಶಕದ ಆರಂಭದಲ್ಲಿ ಅಲೆಸಿಸ್ ಕಂಪನಿಯ ಎಡಾಟ್ ಯಂತ್ರ, ವಿಡಿಯೋ ಟೇಪಿನ ಮೇಲೆ 8 ಟ್ರ್ಯಾಕ್‌ಗಳ ಡಿಜಿಟಲ್ ಮುದ್ರಣವನ್ನು ಸಣ್ಣ ಸ್ಟುಡಿಯೋಗಳಿಗೂ ಎಟುಕುವಂತೆ ಮಾಡಿತು. 2002ರಲ್ಲಿ ಡಿಜಿಡಿಸೈನ್ ಹೊರತಂದ ಎಂಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ, ಪ್ರೊ ಟೂಲ್ಸ್ ಎಲ್‌ಇ ತಂತ್ರಾಂಶದೊಂದಿಗೆ ನೇರವಾಗಿ ಮೇಜಿನ ಮೇಲೆ ಬಂದು ಕುಳಿತಿತು. ಬೇರೆ ಕಂಪನಿಗಳ ಪೆಟ್ಟಿಗೆಗಳೊಂದಿಗೆ ಕ್ಯೂಬೇಸ್ ಎಲ್‌ಇ, ಏಬಲ್ಟನ್ ಲೈವ್ ಲೈಟ್ ಮೊದಲಾದ ಕಿರು ಆವೃತ್ತಿಗಳು ಬಂದವು. ಸುಗಮ ಸಂಗೀತದ ಗಾಯಕರಿಗೆ, ಭಜನಾ ಮಂಡಳಿಗಳಿಗೆ, ಪಾಠ ಹೇಳುವ ವಿದ್ವಾಂಸರಿಗೆ ಒಂದು ಕೋಣೆ, ಒಂದು ಮೈಕು, ಒಂದು ಪೆಟ್ಟಿಗೆ ಸಾಕೆನ್ನಿಸಿದ್ದು ಆಗಲೇ.

ಎರಡು ಆಯುಷ್ಯಗಳ ಕಥೆ

ಸಮಸ್ಯೆಯ ಮೂಲ ಇರುವುದು ಈ ಜೋಡಿಯಲ್ಲೇ. ಒಂದೇ ಡಬ್ಬಿಯಲ್ಲಿ ಮಾರಾಟವಾದರೂ ಯಂತ್ರ ಮತ್ತು ತಂತ್ರಾಂಶಗಳ ಆಯುಷ್ಯ ಒಂದೇ ಅಲ್ಲ. ಒಳ್ಳೆಯ ಮೈಕು, ಪ್ರಿ ಆಂಪ್ಲಿಫೈಯರ್, ಮಿಕ್ಸರ್ ಇಪ್ಪತ್ತು, ಮೂವತ್ತು ವರ್ಷ ನಿರಾಯಾಸವಾಗಿ ದುಡಿಯುತ್ತವೆ. ತಂತ್ರಾಂಶವಾದರೋ ಅದನ್ನು ಹೊತ್ತ ಕಾರ್ಯಾಚರಣಾ ವ್ಯವಸ್ಥೆ ಬದಲಾದ ದಿನವೇ ಮೂಲೆ ಸೇರುತ್ತದೆ.

ಇದಕ್ಕೆ ನಿದರ್ಶನಗಳು ಹೇರಳ. 2002ರಲ್ಲಿ ಎಮ್ಯಾಜಿಕ್ ಕಂಪನಿಯನ್ನು ಕೊಂಡ ಆಪಲ್, ಲಾಜಿಕ್ ತಂತ್ರಾಂಶದ ವಿಂಡೋಸ್ ಆವೃತ್ತಿಯನ್ನು ಕೈಬಿಟ್ಟಿತು. 2014ರಲ್ಲಿ ವಿಂಡೋಸ್ ಎಕ್ಸ್‌ಪಿಗೆ, 2020ರಲ್ಲಿ ವಿಂಡೋಸ್ 7ಕ್ಕೆ, 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2019ರ ಮ್ಯಾಕ್ ಓಎಸ್ ಕೆಟಲೀನಾ, 32 ಬಿಟ್ ತಂತ್ರಾಂಶಗಳನ್ನು ಒಂದೇ ಏಟಿಗೆ ಹೊರಗಟ್ಟಿತು. 2025ರಲ್ಲಿ ಬಂದ ಟಾಹೋ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವೇ ಇಲ್ಲ. 2000ದ ದಶಕದಲ್ಲಿ ದುಬಾರಿ ಬೆಲೆಗೆ ಮಾರಾಟವಾದ ಬಹುತೇಕ ಬಹುಚಾನೆಲ್ ಪೆಟ್ಟಿಗೆಗಳು ಇದ್ದದ್ದು ಫೈರ್‌ವೈರ್ ತಂತಿಯನ್ನೇ ನಂಬಿ ಎಂಬುದನ್ನು ನೆನೆದರೆ ಇದರ ಪರಿಣಾಮ ಅರಿವಾದೀತು.

ಪರವಾನಗಿಯ ಪಾಡು ಇನ್ನೂ ಸೂಕ್ಷ್ಮ. ಕ್ಯೂಬೇಸ್ ತಯಾರಿಸುವ ಸ್ಟೈನ್‌ಬರ್ಗ್ ತನ್ನ ಹಳೆಯ ಇ-ಲೈಸೆನ್ಸರ್ ಸೇವೆಯನ್ನು 2025ರ ಮೇ ತಿಂಗಳಲ್ಲಿ ಮುಚ್ಚಿತು. ಆ ವ್ಯವಸ್ಥೆಯನ್ನು ಅವಲಂಬಿಸಿದ್ದ ಹಳೆಯ ಆವೃತ್ತಿಯ ಸಂಕೇತಾಕ್ಷರಗಳು ಡಬ್ಬಿಯಲ್ಲಿ ಭದ್ರವಾಗಿದ್ದರೂ ಅವನ್ನು ಹೊಸದಾಗಿ ಸಕ್ರಿಯಗೊಳಿಸುವ ದಾರಿ ಈಗಿಲ್ಲ. ಒಮ್ಮೊಮ್ಮೆ ಕಂಪನಿಯೇ ಕಣ್ಮರೆಯಾಗುವುದುಂಟು. ಕೇಕ್‌ವಾಕ್ ಸೋನಾರ್ ತಂತ್ರಾಂಶದ ಅಭಿವೃದ್ಧಿಯನ್ನು 2017ರ ನವೆಂಬರ್‌ನಲ್ಲಿ ಗಿಬ್ಸನ್ ನಿಲ್ಲಿಸಿದಾಗ ಬಳಕೆದಾರರು ದಿಕ್ಕೆಟ್ಟಿದ್ದರು. ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡುಕೊಂಡದ್ದು ಅವರ ಅದೃಷ್ಟ. ಎಲ್ಲ ತಂತ್ರಾಂಶಗಳಿಗೂ ಅಂಥ ಭಾಗ್ಯವಿಲ್ಲ.

ಹೀಗಾಗಿ 'ಪೂರ್ಣ ಸ್ಟುಡಿಯೋ, ಒರಿಜಿನಲ್ ಸಾಫ್ಟ್‌ವೇರ್ ಸಹಿತ' ಎಂಬ ಮಾತು ಇಂದು ಎಷ್ಟು ಬೆಲೆ ಬಾಳುತ್ತದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ಎಸ್.ಪಿ. ರಸ್ತೆಯ ಬಳಸಿದ ಗಣಕಯಂತ್ರಗಳ ಮಾರುಕಟ್ಟೆಯಲ್ಲಾಗಲೀ ಚಿಕ್ಕಪೇಟೆ ಆಸುಪಾಸಿನ ಭಾನುವಾರದ ಬಜಾರಿನಲ್ಲಾಗಲೀ ವಸ್ತುವನ್ನು ಕೈಯಲ್ಲಿ ಹಿಡಿದು, ಗುಂಡಿ ತಿರುಗಿಸಿ, ಚೌಕಾಸಿ ಮಾಡುವುದು ರೂಢಿ. ತಂತ್ರಾಂಶವನ್ನು ಹಾಗೆ ಹಿಡಿದು ನೋಡಲಾಗದು. ಮಾರುವವನು ಮೋಸಗಾರನೇ ಆಗಿರಬೇಕೆಂದಿಲ್ಲ. ತಾನು ಹದಿನೈದು ವರ್ಷದ ಹಿಂದೆ ಕೊಟ್ಟ ಬೆಲೆಯಲ್ಲಿ ತಂತ್ರಾಂಶದ ಪಾಲೂ ಸೇರಿತ್ತೆಂಬ ನೆನಪಿನಿಂದಲೇ ಆತ ಬೆಲೆ ಹೇಳುತ್ತಾನೆ. ಕೊಳ್ಳುವ ವಿದ್ಯಾರ್ಥಿ ಅದನ್ನೇ ನಂಬಿ ಮನೆಗೆ ಒಯ್ಯುತ್ತಾನೆ.

ಕಾನೂನು ಹೇಳುವುದೇನು?

ತಂತ್ರಾಂಶವನ್ನು ಮರುಮಾರಾಟ ಮಾಡುವ ಹಕ್ಕು ಮೊದಲ ಖರೀದಿದಾರನಿಗೆ ಇದೆಯೇ? ಇದು ಜಗತ್ತಿನ ನ್ಯಾಯಾಲಯಗಳನ್ನು ಕಾಡಿದ ಪ್ರಶ್ನೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರ ವೆರ್ನರ್ ವಿರುದ್ಧ ಆಟೋಡೆಸ್ಕ್ ಪ್ರಕರಣದಲ್ಲಿ ಕಂಪನಿಯ ಪರ ನಿಂತಿತು. ಗ್ರಾಹಕ ಪಡೆದದ್ದು ಪರವಾನಗಿಯೇ ಹೊರತು ಒಡೆತನವಲ್ಲ ಎಂಬುದು ಅದರ ನಿಲುವು. ಇದಕ್ಕೆ ವ್ಯತಿರಿಕ್ತವಾಗಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ, ಬಳಸಿದ ತಂತ್ರಾಂಶದ ಮರುಮಾರಾಟವನ್ನು ಕಂಪನಿ ತಡೆಯಲಾಗದು, ಆದರೆ ಮಾರುವವನು ತನ್ನ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು ಎಂದಿತು.

ಭಾರತದ ಮಟ್ಟಿಗೆ ಸ್ವಾರಸ್ಯಕರ ಬೆಳವಣಿಗೆ ನಡೆದಿರುವುದು 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಕಲಮಿನಲ್ಲಿ. ಪ್ರತಿಯೊಂದು ಹಿಂದೆ ಮಾರಾಟವಾಗಿದ್ದರೂ ಇಲ್ಲದಿದ್ದರೂ ಅದರ ಮಾರಾಟದ ಹಕ್ಕು ಕೃತಿಸ್ವಾಮ್ಯದಾರನದೇ ಎಂಬ ಅರ್ಥದ ಮಾತು ಅಲ್ಲಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಡಬ್ಬಿಯಲ್ಲಿ ಮಾರುವ ಸಿದ್ಧ ತಂತ್ರಾಂಶವೂ ಸರಕೇ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ತೀರ್ಪಿತ್ತಿತು. 2021ರ ಮಾರ್ಚ್ 2ರ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ತೀರ್ಪಿನಲ್ಲಿ, ಅಂಥ ತಂತ್ರಾಂಶಕ್ಕೆ ಕೊಟ್ಟ ಹಣ ಕೃತಿಸ್ವಾಮ್ಯದ ರಾಯಧನವಲ್ಲ ಎಂದು ಹೇಳುವಾಗ 1999ರ ಈ ತಿದ್ದುಪಡಿಯನ್ನೂ ಚರ್ಚಿಸಿತು. ಕರ್ನಾಟಕ ಹೈಕೋರ್ಟಿನ ನಿಲುವನ್ನು ಬದಲಿಸಿದ ತೀರ್ಪು ಅದು. ಆದರೆ ಅದು ಆದಾಯ ತೆರಿಗೆಗೆ ಸಂಬಂಧಿಸಿದ ವ್ಯಾಜ್ಯ. ಬಳಸಿದ ತಂತ್ರಾಂಶದ ಕೈಬದಲಾವಣೆ ಅಲ್ಲಿನ ನೇರ ಪ್ರಶ್ನೆಯಾಗಿರಲಿಲ್ಲ.

ಒಟ್ಟಾರೆ ಕಾನೂನಿನ ಗಾಳಿ ಮೂಲ ಡಿಸ್ಕನ್ನು ಮಾರುವವನ ಕಡೆಗೇ ಬೀಸುತ್ತಿದೆ ಎನ್ನಬಹುದು. ಹಾಗೆಂದು ಡಿಸ್ಕನ್ನು ಮಾರಿ ನಕಲನ್ನು ತಾನಿಟ್ಟುಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಇನ್ನೊಂದು ಮಾತು: ನ್ಯಾಯಾಲಯ ಹಕ್ಕನ್ನು ಕೊಡಬಹುದು, ಮುಚ್ಚಿಹೋದ ಸರ್ವರನ್ನು ತೆರೆಸಲಾರದು. ಕಂಪನಿಯ ದಾಖಲೆಯಲ್ಲಿ ಹೆಸರು ಬದಲಾಗದ ಹೊರತು ಕೊಂಡವನಿಗೆ ಸಿಗುವುದು ಬರಿಯ ಪ್ಲಾಸ್ಟಿಕ್ ತಟ್ಟೆ.

ಗ್ರಾಹಕ ರಕ್ಷಣೆಯಲ್ಲೂ ಅಂತರವಿದೆ. ವ್ಯಾಪಾರಿಯಿಂದ ಕೊಂಡವನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯುಂಟು. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ಕೊಂಡ ಕಲಾವಿದನೂ ಅದರ ವ್ಯಾಪ್ತಿಗೆ ಬರುತ್ತಾನೆ. ಆದರೆ ಗೃಹಸ್ಥನೊಬ್ಬ ತನ್ನ ಹಳೆಯ ಪೆಟ್ಟಿಗೆಯನ್ನು ಮತ್ತೊಬ್ಬನಿಗೆ ಮಾರಿದರೆ ಅಲ್ಲಿ ನಡೆಯುವುದು ಬಹುಮಟ್ಟಿಗೆ 1930ರ ಸರಕು ಮಾರಾಟ ಕಾಯಿದೆಯ ಹಳೆಯ ನೀತಿ: ಕೊಳ್ಳುವವನೇ ಎಚ್ಚರವಾಗಿರಬೇಕು.

ಹಾಡು ಮಾತ್ರ ಒಳಗೇ ಉಳಿಯಿತು

ದುಡ್ಡಿನ ನಷ್ಟಕ್ಕಿಂತ ಗಂಭೀರವಾದ ನಷ್ಟ ಇನ್ನೊಂದಿದೆ. ಹಳೆಯ ತಂತ್ರಾಂಶದಲ್ಲಿ ಮುದ್ರಿಸಿದ ಕೆಲಸ ಆ ತಂತ್ರಾಂಶದ ಕಡತಗಳಲ್ಲೇ ಉಳಿದಿರುತ್ತದೆ. ಗಾಯಕನ ಧ್ವನಿ, ತಬಲ, ಕೊಳಲು ಎಲ್ಲ ಬೇರೆಬೇರೆ ಟ್ರ್ಯಾಕ್‌ಗಳಾಗಿ, ಅವುಗಳ ಜೋಡಣೆಯ ಮಾಹಿತಿ ಆ ಕಂಪನಿಗಷ್ಟೇ ಅರ್ಥವಾಗುವ ರೂಪದಲ್ಲಿರುತ್ತದೆ. ಪೆಟ್ಟಿಗೆಯೊಂದಿಗೆ ಹಳೆಯ ಗಣಕಯಂತ್ರವನ್ನೂ ಮಾರಿಬಿಟ್ಟರೆ ಆ ಕಡತಗಳನ್ನು ತೆರೆಯುವ ಬೀಗದ ಕೈಯೂ ಹೋದಂತೆ. ಡಿಜಿಟಲ್ ಟೇಪಿನ ಅನುಭವ ಇಲ್ಲಿ ಪಾಠವಾಗಬೇಕು. 1987ರಲ್ಲಿ ಬಂದ ಡಾಟ್ ಯಂತ್ರಗಳ ತಯಾರಿಕೆಯನ್ನು ಸೋನಿ 2005ರಲ್ಲಿ ನಿಲ್ಲಿಸಿತು. ಟೇಪುಗಳು ಕಪಾಟಿನಲ್ಲಿವೆ, ಓದುವ ಯಂತ್ರಗಳು ವಿರಳವಾಗುತ್ತಿವೆ.

ಸಭೆಗಳ ಕಛೇರಿಗಳು, ಈಗ ನಮ್ಮೊಂದಿಗಿಲ್ಲದ ವಿದ್ವಾಂಸರ ಪಾಠಗಳು, ಮಾರುಕಟ್ಟೆಗೆ ಬಾರದೆ ಉಳಿದ ಭಾವಗೀತೆಗಳು ಇಂಥ ಮನೆ ಮುದ್ರಣಗಳಲ್ಲೇ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಕಂಪನಿಗಳಿಗೆ ಅವುಗಳಲ್ಲಿ ಆಸಕ್ತಿ ಇರದು. ಮಾರುವ ಭರದಲ್ಲಿ ಡಿಸ್ಕ್ ಅಳಿಸಿದರೆ ಹೋದದ್ದು ಹೋಯಿತು.

ಆದರೆ ನಿರಾಶೆಗೆ ಕಾರಣವಿಲ್ಲ. ಧ್ವನಿ ದಾಖಲಾಗಾರಗಳ ಅಂತರರಾಷ್ಟ್ರೀಯ ಸಂಘವಾದ ಐಯಾಸಾ, ಹಳೆಯ ಧ್ವನಿಗಳ ಡಿಜಿಟಲೀಕರಣಕ್ಕೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟವನ್ನು ಸೂಚಿಸುತ್ತದೆ. 2002ರ ಮೊದಲ ಎಂಬಾಕ್ಸ್ ಕೂಡ ಅಷ್ಟನ್ನು ಮುದ್ರಿಸಬಲ್ಲುದಾಗಿತ್ತು! ಅಂದರೆ ಇಪ್ಪತ್ತು ವರ್ಷಗಳಲ್ಲಿ ಹಿಂದೆ ಬಿದ್ದದ್ದು ಧ್ವನಿಯ ಗುಣಮಟ್ಟವಲ್ಲ, ಅದಕ್ಕೆ ಕಟ್ಟಿದ ತಂತ್ರಾಂಶದ ಹಗ್ಗ ಮಾತ್ರ.

ಎಚ್ಚರಿಕೆಯ ನಾಲ್ಕು ಮಾತು

ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಈ ಪೆಟ್ಟಿಗೆ ತನ್ನದೇ ಡ್ರೈವರ್ ಇಲ್ಲದೆಯೂ ನಡೆಯುತ್ತದೆಯೇ ಎಂಬುದು. ಯುಎಸ್‌ಬಿ ಆಡಿಯೋದ ಸಾಮಾನ್ಯ ಮಾನದಂಡಕ್ಕೆ ಹೊಂದುವ ಉಪಕರಣಗಳು ಕಂಪನಿ ಕೈಬಿಟ್ಟರೂ ಬದುಕಿರುತ್ತವೆ. ಎರಡನೆಯದಾಗಿ, ತಮ್ಮದೇ ಲ್ಯಾಪ್‌ಟಾಪ್ ಒಯ್ದು, ಮೈಕಿಗೆ 48 ವೋಲ್ಟ್ ವಿದ್ಯುತ್ ಬರುತ್ತಿದೆಯೇ ಎಂದು ನೋಡಿ, ಎರಡು ನಿಮಿಷ ಮುದ್ರಿಸಿ ಕೇಳಿಯೇ ಹಣ ಎಣಿಸಬೇಕು. ಮೂರನೆಯದು, ಪರವಾನಗಿ ತಮ್ಮ ಹೆಸರಿಗೆ ಬದಲಾಗುವ ತನಕ ತಂತ್ರಾಂಶದ ಬೆಲೆಯನ್ನು ಸೊನ್ನೆ ಎಂದೇ ಎಣಿಸಬೇಕು. ಆಡಾಸಿಟಿ, ಆರ್ಡರ್‌ನಂಥ ಮುಕ್ತ ತಂತ್ರಾಂಶಗಳು ಇರುವಾಗ ಇದರಿಂದ ಕೆಲಸ ನಿಲ್ಲುವುದಿಲ್ಲ. ಲಿನಕ್ಸ್‌ನಲ್ಲಿ ಹಲವು ಫೈರ್‌ವೈರ್ ಪೆಟ್ಟಿಗೆಗಳಿಗೂ ಇನ್ನೂ ಜೀವವಿದೆ.

ಮಾರುವವರ ಕರ್ತವ್ಯ ನಾಲ್ಕನೆಯದು. ಯಂತ್ರ ಕೈಬಿಡುವ ಮೊದಲು ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಆರಂಭಬಿಂದುವಿನಿಂದಲೇ ಶುರುವಾಗುವ ವೇವ್ ಕಡತವಾಗಿ ತೆಗೆದಿಟ್ಟರೆ ಮುಂದೆ ಯಾವ ತಂತ್ರಾಂಶದಲ್ಲಾದರೂ ಅದನ್ನು ಮರಳಿ ಜೋಡಿಸಬಹುದು. ಇದಕ್ಕೆ ಬೇಕಾದದ್ದು ಒಂದೆರಡು ದಿನದ ತಾಳ್ಮೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ತಯಾರಕರ ಹೊಣೆಯನ್ನು ಹಿಗ್ಗಿಸಿವೆ. ಆದರೆ ಅವು ಮಾತನಾಡುವುದು ಕಸವಾದ ಮೇಲಿನ ಸ್ಥಿತಿಯ ಬಗ್ಗೆ. ಗಟ್ಟಿಮುಟ್ಟಾದ ಯಂತ್ರವೊಂದು ತಂತ್ರಾಂಶದ ದೆಸೆಯಿಂದ ಅಕಾಲದಲ್ಲಿ ಕಸವಾಗುವುದನ್ನು ತಡೆಯುವ ನಿಯಮ ಬೇಕಾಗಿದೆ. ಬೆಂಬಲ ನಿಲ್ಲಿಸುವ ಕಂಪನಿ ಕೊನೆಯ ಡ್ರೈವರನ್ನೂ ಬೀಗ ತೆಗೆದ ಆವೃತ್ತಿಯನ್ನೂ ಸಾರ್ವಜನಿಕರಿಗೆ ಬಿಟ್ಟುಕೊಡಬೇಕೆಂಬ ಷರತ್ತು ಕಷ್ಟದ್ದೇನೂ ಅಲ್ಲ. 2022ರ ಡಿಸೆಂಬರ್‌ನಲ್ಲಿ 'ದುರಸ್ತಿಯ ಹಕ್ಕು' ಜಾಲತಾಣ ತೆರೆದ ಕೇಂದ್ರ ಸರ್ಕಾರ ಆ ಹಕ್ಕನ್ನು ತಂತ್ರಾಂಶಕ್ಕೂ ವಿಸ್ತರಿಸುವ ಬಗ್ಗೆ ಯೋಚಿಸಲಿ.

ಹಳೆಯ ತಂಬೂರಿಯನ್ನು ಕೊಂಡವರು ತಂತಿ ಬದಲಿಸಿ, ಜೀವಾಳ ಸರಿಪಡಿಸಿ ಮತ್ತೆ ಶ್ರುತಿ ಹಿಡಿಯುತ್ತಾರೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಧ್ವನಿಮುದ್ರಣದ ಪೆಟ್ಟಿಗೆಗೂ ಅಷ್ಟು ಸ್ವಾತಂತ್ರ್ಯ ಸಿಕ್ಕಿದರೆ ಬಸವನಗುಡಿಯ ಒಳಕೋಣೆಯಲ್ಲಿ ಒಬ್ಬರು ಬಿಟ್ಟ ಯಂತ್ರ ಮಲ್ಲೇಶ್ವರದ ಇನ್ನೊಬ್ಬರ ಮೊದಲ ಹಾಡಿಗೆ ಒದಗೀತು.