ಬಾಟಲಿಗೆ ತುಂಬಿದ ಬಿಯರ್ ಎಲ್ಲಿರಬೇಕು?

ಮಾಲ್ಟಿನ ರಸ ಕುದಿಸಿ, ಹಾಪ್ಸ್ ಹಾಕಿ, ಯೀಸ್ಟ್ ಬೆರೆಸಿ ವಾರಗಟ್ಟಲೆ ಕಾಯುವ ತಾಳ್ಮೆ ಉಳ್ಳವರೂ ಬಾಟಲಿಗೆ ಮುಚ್ಚಳ ಒತ್ತಿದ ಮೇಲೆ ನಿಶ್ಚಿಂತರಾಗಿಬಿಡುತ್ತಾರೆ. ಮನೆಯಲ್ಲಿ ಮಾಡಿದ ಒಳ್ಳೆಯ ಬಿಯರ್ ಕೆಡುವುದು ಬಹಳ ಸಲ ಈ ನಿಶ್ಚಿಂತೆಯ ದಿನಗಳಲ್ಲೇ. ತುಂಬಿದ ಬಾಟಲಿಯನ್ನು ಎಷ್ಟು ಡಿಗ್ರಿಯಲ್ಲಿ ಇಡಬೇಕು ಎಂಬ ವಿಷಯದಲ್ಲಿ ಹವ್ಯಾಸಿಗಳದ್ದು ಎರಡು ಪಂಗಡ. ಒಂದು ಪಂಗಡಕ್ಕೆ 3–4 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್ಜೇ ಆಗಬೇಕು. ಇನ್ನೊಂದು ಪಂಗಡಕ್ಕೆ 10ರಿಂದ 13 ಡಿಗ್ರಿಯ ನೆಲಮಾಳಿಗೆ. ಜೀವಂತ ಬಿಯರನ್ನು ಫ್ರಿಜ್ಜಿಗೆ ತಳ್ಳಿದರೆ ಅದರ ಬೆಳವಣಿಗೆ ಅಲ್ಲಿಗೇ ನಿಂತುಹೋಗುತ್ತದೆ ಎಂಬುದು ಅವರ ವಾದ.

ಈ ಜಗಳ ಹೆಚ್ಚಾಗಿ ಕೇಳಿಬರುವುದು ಅಮೆರಿಕದಲ್ಲಿ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು, ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಈ ಹವ್ಯಾಸ ಹಚ್ಚಿಕೊಂಡವರಿದ್ದಾರೆ. (ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಇಲ್ಲಿ ಓದಿ ಒಲೆ ಹಚ್ಚಬೇಡಿ.) ನ್ಯೂಜೆರ್ಸಿ, ಷಿಕಾಗೋ ಕಡೆಯ ಮನೆಗಳಿಗೆ ನೆಲಮಾಳಿಗೆ ಇರುತ್ತದೆ, ಡಲ್ಲಾಸ್ ಕಡೆ ಬಹುತೇಕ ಮನೆಗಳಿಗೆ ಇಲ್ಲ, ಇರುವುದು ಬೇಸಿಗೆಯಲ್ಲಿ ಒಲೆಯಂತಾಗುವ ಗ್ಯಾರೇಜು. ಯಾರು ಯಾವ ಪಂಗಡ ಸೇರುತ್ತಾರೆಂಬುದನ್ನು ಅರ್ಧ ಮಟ್ಟಿಗೆ ಮನೆಯ ನಕ್ಷೆಯೇ ತೀರ್ಮಾನಿಸುತ್ತದೆ.

ಎರಡೂ ವಾದಗಳ ಬೇರು ಹಳೆಯದು. ಬವೇರಿಯಾದಲ್ಲಿ 1553ರಲ್ಲಿ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಬೇಸಿಗೆಯಲ್ಲಿ ಬಿಯರ್ ತಯಾರಿಸುವುದನ್ನೇ ನಿಷೇಧಿಸಿದ. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಕಡಾಯಿ ಒಲೆಗೇರುವಂತಿರಲಿಲ್ಲ. ಸೆಕೆಯಲ್ಲಿ ಬಿಯರ್ ಕೆಡುತ್ತಿತ್ತು. ಚಳಿಗಾಲದಲ್ಲಿ ಮಾಡಿದ್ದು ಬೇಸಿಗೆಯ ಕೊನೆಯವರೆಗೆ ಬಾಳಲೆಂದು ಅಲ್ಲಿಯವರು ಆಳವಾದ ನೆಲಮಾಳಿಗೆ ತೋಡಿ, ಕೆರೆಯ ಮಂಜುಗಡ್ಡೆ ಕೊಯ್ದು ತುಂಬಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. 1870ರ ದಶಕದಲ್ಲಿ ಕಾರ್ಲ್ ಫೊನ್ ಲಿಂಡೆ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಗಾಗಿ ಶೈತ್ಯಯಂತ್ರ ಕಟ್ಟಿಕೊಟ್ಟದ್ದು ಇದೇ ಅಗತ್ಯಕ್ಕೆ. ಸೊನ್ನೆಯ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಮಲಗುವ ಲಾಗರ್ ಬಿಯರಿನ ನಾಡು ಅದು. ಇಂಗ್ಲೆಂಡಿನದು ಬೇರೆ ದಾರಿ. ಅಲ್ಲಿನ ಪಬ್‌ಗಳಲ್ಲಿ ಪೀಪಾಯಿಯೊಳಗೇ ಯೀಸ್ಟ್ ಉಳಿಸಿಕೊಂಡ ಏಲ್ ಎಂಬ ಬಿಯರ್ 11ರಿಂದ 13 ಡಿಗ್ರಿಯ ನೆಲಮಾಳಿಗೆಯಲ್ಲಿ ಹದಕ್ಕೆ ಬಂದು ಹಾಗೆಯೇ ಗ್ಲಾಸಿಗೆ ಇಳಿಯುತ್ತದೆ. ಈ ಪದ್ಧತಿ ಅಳಿಯದಿರಲೆಂದು 1971ರಲ್ಲಿ ಕಾಮ್ರಾ ಎಂಬ ಗ್ರಾಹಕರ ಸಂಘಟನೆಯೇ ಹುಟ್ಟಿತು.

ಫ್ರಿಜ್ ಪಂಗಡದ ಬೆಂಬಲಕ್ಕೆ ರಸಾಯನಶಾಸ್ತ್ರ ಗಟ್ಟಿಯಾಗಿ ನಿಂತಿದೆ. ಬಾಟಲಿ ತುಂಬುವಾಗ ಒಂದಿಷ್ಟು ಗಾಳಿ ಸೇರುವುದನ್ನು ಯಾವ ಮನೆಯಲ್ಲೂ ಪೂರ್ತಿ ತಪ್ಪಿಸಲಾಗದು. ಆ ಆಮ್ಲಜನಕ ಹಾಪ್ಸ್ ಪರಿಮಳವನ್ನು ತಿಂದುಹಾಕುತ್ತದೆ. ಬಿಯರ್ ಹಳಸುತ್ತಾ ಹೋದಂತೆ ನಾನಿನಾಲ್ ಎಂಬ ವಸ್ತು ತಲೆಯೆತ್ತಿ ನೆನೆದ ರಟ್ಟಿನ ರುಚಿ ಕೊಡುತ್ತದೆ. ಈ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಎರಡು ಮೂರು ಪಟ್ಟಾಗುತ್ತದೆ. ಉದ್ಯಮದಲ್ಲಿ 3–30–300 ಎಂಬ ಸ್ಥೂಲ ಲೆಕ್ಕವೊಂದು ಓಡುತ್ತದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರಲ್ಲೂ ಬಿಯರಿಗೆ ಆಗುವ ಮುಪ್ಪು ಹೆಚ್ಚು ಕಡಿಮೆ ಒಂದೇ. ಇದು ಕಾರ್ಖಾನೆಯ ಬಿಯರಿಗೆ ಹೇಳಿದ ಲೆಕ್ಕ. ಹೆಚ್ಚು ಗಾಳಿ ಸೇರಿರುವ ಮನೆಯ ಬಾಟಲಿಗೆ ಸೆಕೆಯ ಪೆಟ್ಟು ಇನ್ನೂ ಜೋರು.

ಒಂದೇ ಕಡಾಯಿಯ ಐಪಿಎಯನ್ನು, ಅಂದರೆ ಹಾಪ್ಸ್ ಧಾರಾಳವಾಗಿ ಹಾಕಿದ ಏಲನ್ನು, ಗೆಳೆಯರೊಬ್ಬರು ಎರಡು ಪಾಲು ಮಾಡಿ ಇಟ್ಟಿದ್ದನ್ನು ನಾನು ಪಕ್ಕಪಕ್ಕದಲ್ಲಿ ಕುಡಿದು ನೋಡಿದ್ದೇನೆ. ಫ್ರಿಜ್ಜಿನದು ಒಣಹುಲ್ಲಿನ ಬಣ್ಣಕ್ಕಿತ್ತು. ಮೂಗಿನ ಹತ್ತಿರ ತರುವ ಮೊದಲೇ ಕಿತ್ತಳೆ ಸಿಪ್ಪೆ, ಮಾವಿನಹಣ್ಣಿನ ಘಮ. ಅಡುಗೆಮನೆಯ ಕಪಾಟಿನಲ್ಲಿ ಬೇಸಿಗೆ ಕಳೆದದ್ದು ಒಂದು ಛಾಯೆ ಕಂದಿತ್ತು, ಘಮದ ಜಾಗದಲ್ಲಿ ಜೇನಿನಂಥ ಮಂದ ಸಿಹಿ, ಗುಟುಕಿನ ಕೊನೆಗೆ ನಾಲಗೆಯ ಬುಡದಲ್ಲಿ ಒರಟು ಕಹಿ. ಕುಡಿಯಲಾಗದಷ್ಟು ಕೆಟ್ಟಿರಲಿಲ್ಲ. ಆದರೆ ದುಬಾರಿ ಹಾಪ್ಸ್ ತಂದು ಮಾಡಿದವರು ಬಯಸಿದ್ದ ಬಿಯರ್ ಅದಾಗಿರಲಿಲ್ಲ.

ಹಾಗೆಂದು ತುಂಬಿದ ದಿನವೇ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿದರೆ ಬೇರೆಯೇ ನಷ್ಟ. ನೆಲಮಾಳಿಗೆಯವರ ಮಾತಿನ ಸತ್ಯ ಕಾಣುವುದು ಇಲ್ಲಿ. ಮನೆಯ ಬಿಯರಿಗೆ ಗುಳ್ಳೆ ಬರುವುದು ತುಂಬುವಾಗ ಸೇರಿಸಿದ ಸಕ್ಕರೆಯನ್ನು, ಲೀಟರಿಗೆ ಸುಮಾರು 6–7 ಗ್ರಾಂ, ಯೀಸ್ಟ್ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಾಗ. ಇದಕ್ಕೆ 18ರಿಂದ 22 ಡಿಗ್ರಿಯಲ್ಲಿ ಎರಡು ಮೂರು ವಾರ ಬೇಕೇ ಬೇಕು. ಮಡಿಕೇರಿಯ ಚಳಿಯಲ್ಲಿ ದೋಸೆ ಹಿಟ್ಟು ಉಬ್ಬದೆ ಕೂರುವ ಹಾಗೆ, ಫ್ರಿಜ್ಜಿನ ತಣ್ಣಗೆ ಏಲ್ ಯೀಸ್ಟ್ ತಳಕ್ಕಿಳಿದು ಮಲಗಿಬಿಡುತ್ತದೆ. ಸಕ್ಕರೆ ಹಾಗೇ ಉಳಿದು ಬಿಯರ್ ಸಪ್ಪೆ ಸಿಹಿಯಾಗುತ್ತದೆ. ಅಷ್ಟೇ ಅಲ್ಲ, ಎಚ್ಚರವಾಗಿರುವ ಯೀಸ್ಟ್ ಬಾಟಲಿಯೊಳಗಿನ ಆಮ್ಲಜನಕದಲ್ಲಿ ಒಂದಿಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನೂ ಅರಗಿಸಿಕೊಳ್ಳುತ್ತದೆ. ಅವಸರದ ಚಳಿ ಈ ಎರಡು ಉಪಕಾರಗಳನ್ನೂ ತಪ್ಪಿಸುತ್ತದೆ.

ಗಟ್ಟಿ ಬಿಯರುಗಳ ವಿಷಯದಲ್ಲಿ ನಾನು ಪೂರ್ತಿ ನೆಲಮಾಳಿಗೆಯ ಪರ. ಬಾರ್ಲಿ ವೈನ್, ಇಂಪೀರಿಯಲ್ ಸ್ಟೌಟ್‌ನಂಥ, ಆಲ್ಕೋಹಾಲ್ 9–10 ಶೇಕಡಾ ಮೀರಿದವು ಎಳಸಿನಲ್ಲಿ ಗಂಟಲು ಸುಡುತ್ತವೆ, ಸಿಹಿ ಕಹಿ ಎರಡೂ ಬೇರೆ ಬೇರೆ ನಿಂತಿರುತ್ತವೆ. ತಂಪಾದ ಕತ್ತಲೆಯಲ್ಲಿ ನಿಧಾನವಾಗಿ ಆಮ್ಲಜನಕ ತಾಕಿದಾಗಲೇ ಅವುಗಳಲ್ಲಿ ಒಣದ್ರಾಕ್ಷಿ, ಖರ್ಜೂರದ ರುಚಿ ಮೂಡುವುದು. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಮೊದಲು ತಯಾರಾದ ಥಾಮಸ್ ಹಾರ್ಡೀಸ್ ಏಲ್ ವರ್ಷಗಟ್ಟಲೆ ಇಟ್ಟು ಕುಡಿಯಲೆಂದೇ ಮಾಡಿದ್ದು. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿನಲ್ಲಿ ಬಾಟಲಿಯೊಳಗೇ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ತಿಂಗಳುಗಟ್ಟಲೆ ದುಡಿಯುತ್ತದೆ. ಹೊಸದರಲ್ಲಿ ಹಾಪ್ಸ್ ಮುಂದು, ಹಳೆಯದಾದಂತೆ ಆ ಯೀಸ್ಟಿನ ಮಣ್ಣಿನ ಘಮ ಮುಂದು. ಇಂಥದ್ದನ್ನು 3 ಡಿಗ್ರಿಯಲ್ಲಿ ಕೂಡಿಹಾಕಿದರೆ ಅದರ ಬದುಕು ಬಹಳ ನಿಧಾನವಾಗಿಬಿಡುತ್ತದೆ. ಆದರೆ ನೆಲಮಾಳಿಗೆ ಎಂದರೆ 10–13 ಡಿಗ್ರಿ. ನ್ಯೂಜೆರ್ಸಿಯ ನೆಲಮಾಳಿಗೆ ಬೇಸಿಗೆಯಲ್ಲಿ 20ರ ಹತ್ತಿರ ಹೋಗುತ್ತದೆ, ಅಲ್ಲಿ ವರ್ಷಗಟ್ಟಲೆ ಇಟ್ಟರೆ ಸತ್ತ ಯೀಸ್ಟ್ ಕರಗಿ ಸೋಯಾ ಸಾಸಿನ ವಾಸನೆ ಬರಬಹುದು. ಇಂಗ್ಲಿಷ್ ಹಳ್ಳಿಯ ಕಲ್ಲುಮನೆಗೆ ಒಪ್ಪುವ ಮಾತನ್ನು ಥರ್ಮಾಮೀಟರ್ ನೋಡದೆ ಎಲ್ಲ ಮನೆಗೂ ಅನ್ವಯಿಸಿದರೆ ಬಿಯರ್ ಹಾಳಾಗುತ್ತದೆ.

ಫ್ರಿಜ್ಜಿನಲ್ಲಿಟ್ಟರೆ ರುಚಿ ಮುದುಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಇಡುವ ತಾಪಮಾನ ಬೇರೆ, ಕುಡಿಯುವ ತಾಪಮಾನ ಬೇರೆ. ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಏಲ್ ಅರಳುತ್ತದೆ, ತಣ್ಣಗೆ ಕಟ್ಟಿಕೊಂಡ ಮಬ್ಬೂ ಕರಗುತ್ತದೆ. ಒಮ್ಮೆ ತಣಿದದ್ದು ಮತ್ತೆ ಬೆಚ್ಚಗಾದರೆ ನಾರುತ್ತದೆ ಎಂಬ ನಂಬಿಕೆಯೂ ನಿಜವಲ್ಲ. ಆ ನಾತ ಹುಟ್ಟಿಸುವುದು ಬೆಳಕು, ಅದಕ್ಕೇ ಕಂದು ಬಾಟಲಿ.

ನನ್ನನ್ನು ಹೆಚ್ಚು ಕಾಡುವುದು ಒತ್ತಡದ ಮಾತು. ಮಧ್ಯಮ ಗುಳ್ಳೆಯ ಬಿಯರಿನೊಳಗೆ 4 ಡಿಗ್ರಿಯಲ್ಲಿ ಸುಮಾರು 11–12 ಪಿಎಸ್‌ಐ ಒತ್ತಡವಿದ್ದರೆ, ಅದೇ ಬಾಟಲಿಯಲ್ಲಿ 20 ಡಿಗ್ರಿಗೆ ಸುಮಾರು 28 ಆಗುತ್ತದೆ. ಇದು ಬಾಟಲಿ ತಾಳುವ ಒತ್ತಡವೇ. ಆದರೆ ಹುದುಗಿದ ಮೇಲೆ ಹಸಿ ಹಾಪ್ಸ್ ಹೆಚ್ಚಾಗಿ ಹಾಕಿದ ಬಿಯರಿನಲ್ಲಿ ಹಾಪ್ಸ್‌ನ ಕಿಣ್ವಗಳು ಉಳಿದ ಪಿಷ್ಟಾಂಶವನ್ನು ಮತ್ತೆ ಸಕ್ಕರೆಯಾಗಿ ಒಡೆಯುತ್ತವೆ. ಬೆಚ್ಚಗಿನ ಜಾಗದಲ್ಲಿ ಯೀಸ್ಟ್ ಅದನ್ನೂ ತಿನ್ನುತ್ತದೆ, ಒತ್ತಡ ಏರುತ್ತಲೇ ಹೋಗಿ ಗಾಜು ಸಿಡಿಯುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಇದೊಂದೇ ಕಾರಣ ಸಾಕು, ಐಪಿಎ ಫ್ರಿಜ್ಜಿಗೆ ಹೋಗಬೇಕು. ಹಾಗೆಂದು ಫ್ರೀಜರಿಗೆ ಇಡಬಾರದು. 5 ಶೇಕಡಾ ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಬಾಟಲಿ ಒಡೆಯುತ್ತದೆ.

ಎರಡನೇ ಫ್ರಿಜ್ಜೆಂದರೆ ವರ್ಷವಿಡೀ ಕರೆಂಟು, ನೆಲಮಾಳಿಗೆ ಪುಕ್ಕಟೆ. ಈ ದೂರನ್ನು ನಾನು ಒಪ್ಪುತ್ತೇನೆ. ಆದರೂ ಆಯ್ಕೆ ಒಂದೇ ಎಂದಾದರೆ ನನ್ನ ಮತ ಫ್ರಿಜ್ಜಿಗೆ. ತಣ್ಣಗಿಟ್ಟ ಸ್ಟೌಟನ್ನು ಬೇಕೆಂದಾಗ ಹೊರಗಿಟ್ಟು ಮಾಗಿಸಬಹುದು, ಸೆಕೆಯಲ್ಲಿ ಕಳೆದ ಹಾಪ್ಸ್ ಘಮ ಯಾವ ಫ್ರಿಜ್ಜಿನಲ್ಲೂ ಮರಳುವುದಿಲ್ಲ. ಹೊಸಬರು ಮೊದಲು ಎರಡು ಮೂರು ವಾರ 20 ಡಿಗ್ರಿಯ ಆಸುಪಾಸಿನಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಬಾಟಲಿ ಇಡಿ. ಒಂದನ್ನು ತಣಿಸಿ ತೆರೆದು ಗುಳ್ಳೆ ಬಂದಿದೆಯೇ ನೋಡಿ. ಬಂದಿದ್ದರೆ ತಿಳಿ ಬಿಯರನ್ನೂ ಐಪಿಎಯನ್ನೂ ಫ್ರಿಜ್ಜಿಗೆ ಸೇರಿಸಿ. ಗಟ್ಟಿಯಾದದ್ದನ್ನು 13 ಡಿಗ್ರಿ ಮೀರದ ಜಾಗ ಸಿಕ್ಕರೆ ಮಾತ್ರ ಹೊರಗಿಡಿ. ಮುಚ್ಚಳದ ಮೇಲೆ ತುಂಬಿದ ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.