ರಾತ್ರಿ ಹತ್ತರ ಮೇಲೆ ಅಲ್ಲಿ ಯಾರಿರ್ತಾರೆ?

ನಮ್ಮ ಕಡೆ ‘ನರ್ಸಿಂಗ್ ಹೋಮ್’ ಅನ್ನೋ ಪದಕ್ಕೆ ಅದರದ್ದೇ ಒಂದು ಮರ್ಯಾದೆ ಇದೆ. ಸರ್ಕಾರಿ ಆಸ್ಪತ್ರೆಗಿಂತ ಒಂದು ಮೆಟ್ಟಿಲು ಮೇಲೆ, ಮೈಸೂರಿನ ದೊಡ್ಡಾಸ್ಪತ್ರೆಗಿಂತ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಡಾಕ್ಟ್ರು ಹೆಸರು ಹಿಡಿದು ಮಾತಾಡಿಸ್ತಾರೆ, ಮನೆಯಿಂದ ಮುದ್ದೆ-ಸಾರು ತಗೊಂಡು ಹೋಗಬಹುದು. ಹಾಗಾಗಿ ಅಪ್ಪನಿಗೆ ಎದೆ ಉರಿ ಅಂದ್ರೂ ನರ್ಸಿಂಗ್ ಹೋಮ್, ಅಕ್ಕನ ಹೆರಿಗೆಗೂ ಅದೇ ನರ್ಸಿಂಗ್ ಹೋಮ್.

ಭೇರ್ಯ ಕಡೆಯ ಓದುಗರೊಬ್ಬರು, ಈಗ ಬೆಂಗಳೂರಲ್ಲಿ ಕೆಲಸದಲ್ಲಿರುವವರು, ಕೇಳಿದ್ದು ಇಷ್ಟೇ: ಅಪ್ಪ-ಅಮ್ಮ ಊರಲ್ಲಿದ್ದಾರೆ, ಅರ್ಧರಾತ್ರಿ ಏನಾದ್ರೂ ಆದ್ರೆ ಯಾವ ನರ್ಸಿಂಗ್ ಹೋಮ್ ನಂಬೋದು? ಭೇರ್ಯದವರಿಗೆ ಮೊದಲು ಸಿಗೋದು ಕೆ.ಆರ್. ನಗರ, ಅಲ್ಲಿಂದ ಮೈಸೂರಿಗೆ ಇನ್ನೂ ಸುಮಾರು 40 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಇಂಥದ್ದೇ ಒಳ್ಳೇದು ಅಂತ ಹೆಸರು ಹೇಳೋ ಕೆಲಸ ನನ್ನದಲ್ಲ. ಆದರೆ ನೋಡೋದು ಹೇಗೆ ಅಂತ ಹೇಳಬಹುದು. ಮುಖ್ಯವಾಗಿ, ಏನೂ ಆಗಿಲ್ಲದ ಹೊತ್ತಲ್ಲಿ ಹೋಗಿ ನೋಡಬೇಕು.

ಮೊದಲು ಬೋರ್ಡು. ಕರ್ನಾಟಕದಲ್ಲಿ ಯಾವುದೇ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕು, ಲ್ಯಾಬು, ಫಿಸಿಯೋಥೆರಪಿ ಕೇಂದ್ರ ಕೂಡ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಎಲ್ಲರೂ ಕರೆಯೋದು ಕೆಪಿಎಂಇ ಅಂತ. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಪ್ರಮಾಣಪತ್ರ, ದರಪಟ್ಟಿ ಎರಡೂ ಕಣ್ಣಿಗೆ ಕಾಣೋ ಹಾಗೆ ಹಾಕಿರಬೇಕು. ನಕಲಿ ವೈದ್ಯರ ಕಾಟ ಜಾಸ್ತಿಯಾದ ಮೇಲೆ 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೂ ಹೇಳಿತು: ಅಲೋಪತಿಗೆ ತಿಳಿ ನೀಲಿ, ಆಯುರ್ವೇದಕ್ಕೆ ಹಸಿರು, ಜೊತೆಗೆ ನೋಂದಣಿ ಸಂಖ್ಯೆ. ಆ ಪ್ರಮಾಣಪತ್ರದ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಕೊನೆಯ ದಿನಾಂಕ ಏನಿದೆ, ಎಷ್ಟು ಹಾಸಿಗೆಗೆ ಅನುಮತಿ ಇದೆ, ಎರಡನ್ನೂ ಓದಿ.

ಇದೆಲ್ಲ ಬರೀ ಕಾಗದದ ಮಾತು ಅನ್ನಿಸಬಹುದು. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದಲ್ಲಿ ನವಜಾತ ಶಿಶುಗಳ ಸಣ್ಣ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿತ್ತು. ಲೈಸೆನ್ಸು ಮಾರ್ಚ್ 31ಕ್ಕೇ ಮುಗಿದಿತ್ತು. ಅನುಮತಿ ಇದ್ದದ್ದು ಐದು ಹಾಸಿಗೆಗೆ, ಒಳಗಿದ್ದ ಕೂಸುಗಳು ಹನ್ನೆರಡು. ಆರು ಕೂಸುಗಳು ಬೆಂಕಿಗೆ ಬಲಿಯಾದವು. ಪೊಲೀಸರು ಆಮೇಲೆ ಹೇಳಿದ್ದೆಲ್ಲ, ಅಂದರೆ ತುರ್ತು ಬಾಗಿಲಿಲ್ಲ, ಬೆಂಕಿ ಆರಿಸೋ ಸಿಲಿಂಡರಿಲ್ಲ ಅನ್ನೋದೆಲ್ಲ, ಹಿಂದಿನ ದಿನ ಹೋಗಿ ನೋಡಿದ್ದರೆ ಯಾರ ಕಣ್ಣಿಗಾದರೂ ಕಾಣುತ್ತಿತ್ತು.

ನಮ್ಮ ಮೈಸೂರೇನೂ ಇದಕ್ಕೆ ಹೊರತಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆ ಜಾಲ ನೆನಪಿದೆಯಲ್ವಾ? ಸ್ಕ್ಯಾನಿಂಗ್ ನಡೀತಿದ್ದದ್ದು ಮಂಡ್ಯದ ಆಲೆಮನೆಯಲ್ಲಿ, ಗರ್ಭಪಾತ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಸುಮಾರು 900 ಗರ್ಭಪಾತ ಅಂತ ಪೊಲೀಸರೇ ಹೇಳಿದರು. ಅದಕ್ಕೂ ಬೋರ್ಡು ಇತ್ತು, ರಿಸೆಪ್ಷನ್ ಇತ್ತು, ಸುತ್ತಮುತ್ತ ಜನ ಓಡಾಡುತ್ತಿದ್ದರು.

ಬೋರ್ಡು ಸರಿ ಇದೆ ಅಂದ್ಕೊಳ್ಳಿ. ಮುಂದಿನದ್ದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ: ರಾತ್ರಿ ಹತ್ತರ ಮೇಲೆ ಅಲ್ಲಿ ಯಾರಿರ್ತಾರೆ? ಬೋರ್ಡಿನಲ್ಲಿ ಎಂಟು ಸ್ಪೆಷಲಿಸ್ಟ್‌ಗಳ ಹೆಸರಿರುತ್ತೆ. ಅವರಲ್ಲಿ ಹೆಚ್ಚಿನವರು ಮೈಸೂರಿನಿಂದ ವಾರಕ್ಕೆರಡು ಸಂಜೆ ಬಂದು ಹೋಗೋರು. ರಾತ್ರಿ ಉಳಿಯೋದು ಒಬ್ಬ ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್. ಆ ಡ್ಯೂಟಿ ಡಾಕ್ಟರ್ ಎಂಬಿಬಿಎಸ್ಸೋ ಬಿಎಎಂಎಸ್ಸೋ, ಕಟ್ಟಡದಲ್ಲೇ ಇರ್ತಾರೋ ಫೋನ್ ಮಾಡಿದ್ರೆ ಮನೆಯಿಂದ ಬರ್ತಾರೋ? ಕೇಳಿ. ಕೇಳೋದು ಅವಮಾನ ಅಲ್ಲ. ಹೆಸರು ಗೊತ್ತಾದ್ರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಜಾಲತಾಣದಲ್ಲಿ ಹುಡುಕೋಕೆ ಎರಡು ನಿಮಿಷ ಸಾಕು.

ಸಿಸ್ಟರ್‌ಗಳ ಬಗ್ಗೆ ಮಾತ್ರ ಯಾರೂ ಕೇಳೋದೇ ಇಲ್ಲ. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿದವರು ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಎಷ್ಟು ಹಾಸಿಗೆಗೆ? ಆಪರೇಷನ್ ಆದ ರೋಗಿಯ ಬಿಪಿ ಮಧ್ಯರಾತ್ರಿ ಬಿದ್ದರೆ ಮೊದಲು ಗಮನಿಸೋದು ಡಾಕ್ಟರ್ ಅಲ್ಲ, ಅವರೇ.

ಹಾಗಾಗಿ ಊರಿಗೆ ಹೋದಾಗ ಶನಿವಾರ ರಾತ್ರಿಯೋ ಭಾನುವಾರ ಮಧ್ಯಾಹ್ನವೋ ಒಂದು ಸುತ್ತು ಹೋಗಿ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಆಸ್ಪತ್ರೆಯೂ ಚೆನ್ನಾಗೇ ಕಾಣುತ್ತೆ.

ಈ ನಾಲ್ಕು ತಾಲ್ಲೂಕುಗಳಿಗೆ ನಾನು ಹೇಳೋ ಒಂದು ಪ್ರಶ್ನೆ ಇದೆ. ಬೇರೆಲ್ಲ ಪ್ರಶ್ನೆಗೂ ಅದೇ ಉತ್ತರ ಕೊಟ್ಟುಬಿಡುತ್ತೆ: ‘ಹಾವು ಕಚ್ಚಿದೋರು ಬಂದ್ರೆ ನೀವು ಏನ್ ಮಾಡ್ತೀರಾ?’

ಭತ್ತದ ಗದ್ದೆ, ತಂಬಾಕಿನ ಹೊಲ, ಕಾಡಂಚು ಇರೋ ಕಡೆ ಇದು ಅಪರೂಪದ ಪ್ರಶ್ನೆಯಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದೆ, ಖಾಸಗಿಯವರೂ ವರದಿ ಮಾಡಬೇಕು. ಕೊಳಕುಮಂಡಲ ಕಚ್ಚಿದ್ರೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ಅದನ್ನ ಪತ್ತೆ ಮಾಡೋಕೆ ದೊಡ್ಡ ಯಂತ್ರವೇನೂ ಬೇಡ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಟ್ಟು ನೋಡೋದು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಲೆಕ್ಕ. ನಾಗರಹಾವಾದರೆ ಕಥೆ ಬೇರೆ. ಕಣ್ಣುರೆಪ್ಪೆ ಜೋತು ಬಿದ್ದು, ಆಮೇಲೆ ಉಸಿರಾಟವೇ ನಿಲ್ಲಬಹುದು. ಆಗ ವೆಂಟಿಲೇಟರ್ ಬೇಕು, ಇಲ್ಲವೇ ದಾರಿಯುದ್ದಕ್ಕೂ ಉಸಿರು ಕೊಡಬಲ್ಲ ಆಂಬುಲೆನ್ಸಾದರೂ ಬೇಕು. ವಿಷನಿರೋಧಕ ಔಷಧ ಒಂದೆರಡು ವಯಲ್ ಇಟ್ಟುಕೊಂಡ್ರೆ ಸಾಲದು, ಶುರುವಿನ ಡೋಸೇ ಎಂಟರಿಂದ ಹತ್ತು ವಯಲ್. ಆ ಔಷಧವೇ ಕೆಲವರಿಗೆ ಅಲರ್ಜಿ ಆಗುತ್ತೆ, ಹಾಗಾಗಿ ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು.

ಈಗ ಉತ್ತರ ಕೇಳಿಸ್ಕೊಳ್ಳಿ. ‘ಇಷ್ಟು ವಯಲ್ ಇದೆ, ಟ್ಯೂಬ್ ಟೆಸ್ಟ್ ಮಾಡ್ತೀವಿ, ಉಸಿರಾಟಕ್ಕೆ ತೊಂದರೆ ಆಗೋ ಲಕ್ಷಣ ಕಂಡ್ರೆ ಕೂಡಲೇ ಕೆ.ಆರ್. ಆಸ್ಪತ್ರೆಗೆ ಕಳಿಸ್ತೀವಿ’ ಅಂದ್ರೆ ಅದು ಒಳ್ಳೆ ಜಾಗ. ‘ನಮ್ಮಲ್ಲಿ ಔಷಧ ಇಲ್ಲ, ನಿಲ್ಲಬೇಡಿ, ಸೀದಾ ತಾಲ್ಲೂಕು ಆಸ್ಪತ್ರೆಗೆ ಹೋಗಿ’ ಅಂದ್ರೂ ನನ್ನ ಲೆಕ್ಕದಲ್ಲಿ ಒಳ್ಳೆ ಜಾಗವೇ. ‘ಬನ್ನಿ ಸಾರ್, ಎಲ್ಲ ನೋಡ್ಕೋತೀವಿ’ ಅಂದ್ರೆ ಅನುಮಾನ ಪಡಿ.

ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಎಲ್ಲವೂ ಇರೋಕಾಗಲ್ಲ, ಇರಬೇಕಾಗಿಯೂ ಇಲ್ಲ. ಜ್ವರ, ವಾಂತಿಭೇದಿ, ಹರ್ನಿಯಾ, ತೊಂದರೆ ಇಲ್ಲದ ಹೆರಿಗೆ ಇದಕ್ಕೆಲ್ಲ ಅದು ಸಾಕು. ‘ಇದು ನಮ್ಮ ಕೈಲಿ ಆಗಲ್ಲ’ ಅನ್ನೋದನ್ನ ಅವರು ಎಷ್ಟು ಬೇಗ ಹೇಳ್ತಾರೆ ಅನ್ನೋದೇ ಅದರ ಗುಣಮಟ್ಟ. ಬೆಳಗಿನ ಜಾವ ನಾಲ್ಕಕ್ಕೆ ‘ಮೈಸೂರಿಗೆ ಕರ್ಕೊಂಡು ಹೋಗಿ’ ಅನ್ನೋರು ಹಿಂದಿನ ರಾತ್ರಿ ಹತ್ತಕ್ಕೇ ಯಾಕೆ ಹೇಳಲಿಲ್ಲ? ಸಿಸೇರಿಯನ್ ಮಾಡೋ ಕಡೆ ಇನ್ನೊಂದು ಪ್ರಶ್ನೆ ಸೇರಿಸಿ: ರಕ್ತ ಬೇಕಾದ್ರೆ ಎಲ್ಲಿಂದ ಬರುತ್ತೆ, ಎಷ್ಟು ಹೊತ್ತಿಗೆ?

ಎರಡು ಸಂದರ್ಭದಲ್ಲಂತೂ ಪರಿಚಯದ ನರ್ಸಿಂಗ್ ಹೋಮ್ ಅಂತ ಅಲ್ಲಿ ಹೋಗಿ ಕೂರಬೇಡಿ. ಒಂದು, ಪಾರ್ಶ್ವವಾಯು. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಇಲ್ಲದ ಕಡೆ ಡ್ರಿಪ್ ಹಾಕಿಸ್ಕೊಂಡು ಮಲಗಿದ್ರೆ ಆ ಸಮಯ ಅಲ್ಲೇ ಕಳೆದುಹೋಗುತ್ತೆ. ಇನ್ನೊಂದು, ಹೃದಯಾಘಾತ. ಇಲ್ಲಿ ನಮ್ಮ ಮಧ್ಯಮ ವರ್ಗದ ಸರ್ಕಾರಿ ಆಸ್ಪತ್ರೆ ಅಸಡ್ಡೆ ಸ್ವಲ್ಪ ಬಿಡಬೇಕು ಕಣ್ರೀ. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ಕಡೆಯ ತಜ್ಞರಿಗೆ ತೋರಿಸಿ, ಬೇಕಿದ್ರೆ ಟೆನೆಕ್ಟೆಪ್ಲೇಸ್ ಅನ್ನೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.

ಆಮ್ಲಜನಕದ ವಿಷಯ ಚಾಮರಾಜನಗರ ಕಲಿಸಿದೆ. 2021ರ ಮೇ 2ರ ರಾತ್ರಿ ಮೈಸೂರಿನಿಂದ ಬರಬೇಕಿದ್ದ ಸಿಲಿಂಡರ್ ದಾರಿ ಕಾಯ್ತಾ, 24 ಗಂಟೆಯೊಳಗೆ 24 ರೋಗಿಗಳು ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡರು. ಅದು ಕೋವಿಡ್ ಕಾಲ, ಹೌದು. ಆದ್ರೂ ‘ಆಕ್ಸಿಜನ್ ಎಷ್ಟು ಗಂಟೆಗೆ ಸಾಕಾಗುತ್ತೆ, ಕರೆಂಟ್ ಹೋದ್ರೆ ಜನರೇಟರ್ ಐಸಿಯುಗೂ ಇದೆಯಾ’ ಅಂತ ಕೇಳೋಕೆ ಇನ್ನೂ ಕಾರಣ ಬೇಕಾ?

ಕಣ್ಣಿಗೆ ಕಾಣೋ ವಿಷಯಗಳೂ ಇವೆ. ಹಾಸಿಗೆ ಪಕ್ಕ ಕಸದ ಡಬ್ಬಿ ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ-ಬ್ಯಾಂಡೇಜಿಗೆ ಹಳದಿ, ಡ್ರಿಪ್ ಸೆಟ್ಟಿಗೆ ಕೆಂಪು, ಸೂಜಿಗೆ ಚುಚ್ಚಿದರೆ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ. ಎಲ್ಲವೂ ಒಂದೇ ಬಕೆಟ್‌ನಲ್ಲಿದ್ರೆ ಒಳಗಿನ ಆಪರೇಷನ್ ಥಿಯೇಟರ್ ಹೇಗಿರಬಹುದು ಊಹಿಸ್ಕೊಳ್ಳಿ. ಇಂಜೆಕ್ಷನ್ ಟ್ರೇ ಮೇಲೆ ಔಷಧದ ಬಾಟಲಿಗೆ ಒಂದು ಸೂಜಿ ಚುಚ್ಚಿಯೇ ಬಿಟ್ಟಿದ್ದಾರಾ? ‘ಪ್ರತಿ ಸಲ ಯಾಕೆ ಚುಚ್ಚೋದು’ ಅಂತ ಸುಲಭಕ್ಕೆ ಬಿಟ್ಟಿರ್ತಾರೆ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗೋ ಹತ್ತಿರದ ದಾರಿ ಅದೇ. ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗುತ್ತಾ? ಬೆಂಕಿ ಸಿಲಿಂಡರ್ ಮೇಲಿನ ಚೀಟಿಯಲ್ಲಿ ಕೊನೆಯ ದಿನಾಂಕ ಏನಿದೆ? ಬೇಸ್‌ಮೆಂಟ್‌ನಲ್ಲಿ ಏನು ತುಂಬಿದ್ದಾರೆ? 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು ತೊಂಬತ್ತು ಜನ ಸತ್ತದ್ದು ಬೇಸ್‌ಮೆಂಟ್‌ನ ಸಾಮಾನಿಗೆ ಹತ್ತಿದ ಬೆಂಕಿಯ ಹೊಗೆಯಿಂದ.

ಗೂಗಲ್ ಸ್ಟಾರ್ ಬಗ್ಗೆ ಕೇಳ್ತೀರಾ ಅಂತ ಗೊತ್ತು. ನಾನೂ ಓದ್ತೀನಿ. ಅರ್ಧ ಪಾರ್ಕಿಂಗ್ ಬಗ್ಗೆ ಇರುತ್ತೆ, ಕಾಲು ಭಾಗ ‘ಡಾಕ್ಟರ್ ದೇವರು’. ಉಳಿದ ಕಾಲು ಭಾಗದಲ್ಲಿ ಡಿಸ್ಚಾರ್ಜ್ ದಿನ ಬಿಲ್ ಹೇಗೆ ಬದಲಾಯ್ತು ಅಂತ ಬರೆದಿರೋದನ್ನ ಮಾತ್ರ ನಿಧಾನವಾಗಿ ಓದಿ.

ಆಫೀಸಿನ ಆರೋಗ್ಯ ವಿಮೆಯಲ್ಲಿ ಅಪ್ಪ-ಅಮ್ಮನ ಹೆಸರಿದ್ದವರು ಇದನ್ನು ಗಮನಿಸಿ. ವಿಮೆಯವರ ಲೆಕ್ಕದಲ್ಲಿ ‘ಆಸ್ಪತ್ರೆ’ ಅಂದರೆ ಕಾನೂನಿನಡಿ ಆಸ್ಪತ್ರೆ ಅಂತ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, ದೊಡ್ಡ ಊರಲ್ಲಿ 15, ಜೊತೆಗೆ ದಿನದ 24 ಗಂಟೆಯೂ ಡಾಕ್ಟರ್ ಮತ್ತು ನರ್ಸ್, ಸ್ವಂತ ಆಪರೇಷನ್ ಥಿಯೇಟರ್, ದಿನದಿನದ ದಾಖಲೆ ಎಲ್ಲ ಇರಬೇಕು. ಆರು ಹಾಸಿಗೆಯ, ನೋಂದಣಿ ಮುಗಿದ ಜಾಗದಲ್ಲಿ ಚಿಕಿತ್ಸೆ ಮಾಡಿಸಿ ಕ್ಲೇಮ್ ಹಾಕಿದ್ರೆ ತಿರಸ್ಕಾರ ಬರೋದು ಹೀಗೇ. ಆಯುಷ್ಮಾನ್ ಕಾರ್ಡ್ ಇದ್ದವರು ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗೋ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ವಿಚಾರಿಸಿ.

ಒಳಗೆ ಸೇರಿದ ಮೇಲೂ ನಿಮಗೆ ಹಕ್ಕುಗಳಿವೆ. ಅಂದಾಜು ವೆಚ್ಚ ಬರೆದು ಕೊಡಿ ಅಂತ ಕೇಳಬಹುದು. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕಟ್ಟಿ ಅಂತ ಪಟ್ಟು ಹಿಡಿಯೋ ಹಾಗಿಲ್ಲ. ಬಿಲ್ ಬಾಕಿ ಅಂತ ಶವ ಕೊಡದೆ ಇಟ್ಟುಕೊಳ್ಳೋ ಹಾಗಿಲ್ಲ. 2017ರಲ್ಲಿ ಬೆಳಗಾವಿ ಅಧಿವೇಶನದ ಹೊತ್ತಲ್ಲಿ ಖಾಸಗಿ ಡಾಕ್ಟರ್‌ಗಳು ರಾಜ್ಯಾದ್ಯಂತ ಮುಷ್ಕರ ಹೂಡಿದ್ದು ಇದೇ ತಿದ್ದುಪಡಿಯ ಗಲಾಟೆಯಲ್ಲಿ. ಕೇಸ್‌ಶೀಟ್ ಪ್ರತಿ ಬರಹದಲ್ಲಿ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು. ದೂರಿದ್ರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಿ.

ಕೊನೆಗೆ, ‘ಹೋಮ್’ ಅನ್ನೋದರ ಇನ್ನೊಂದು ಅರ್ಥ. ಸ್ಟ್ರೋಕ್ ಆದ ಅಮ್ಮನನ್ನು, ಸೊಂಟದ ಮೂಳೆ ಮುರಿದ ಅಜ್ಜನನ್ನು ತಿಂಗಳುಗಟ್ಟಲೆ ನೋಡ್ಕೊಳ್ಳೋ ಮನೆಗಳು ಮೈಸೂರು, ಬೆಂಗಳೂರಲ್ಲಿ ಹೆಚ್ಚಾಗ್ತಿವೆ. ಚಿಕಿತ್ಸೆ, ಪುನಶ್ಚೇತನ ಕೊಡ್ತೀವಿ ಅನ್ನೋರಾದ್ರೆ ಅವರಿಗೂ ಕೆಪಿಎಂಇ ಬೇಕು. ವೃದ್ಧಾಶ್ರಮದ ಬೋರ್ಡು ಅದಕ್ಕೆ ಸಾಲದು. ಅಲ್ಲಿ ಡಾಕ್ಟರ್ ಡಿಗ್ರಿಗಿಂತ ಬೆನ್ನು ನೋಡಿ, ಅಂದರೆ ಹಾಸಿಗೆ ಹಿಡಿದವರ ಬೆನ್ನು, ಹಿಮ್ಮಡಿ. ಹುಣ್ಣಾಗಿದ್ರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತಿಲ್ಲ ಅಂತಲೇ ಅನುಮಾನ ಪಡಬೇಕು. ಊಟದ ಹೊತ್ತಿಗೆ ಹೋಗಿ, ಕೈಯಾಡದವರಿಗೆ ತುತ್ತು ಕೊಡೋಕೆ ಪಕ್ಕದಲ್ಲಿ ಯಾರಾದ್ರೂ ಕೂರ್ತಾರಾ ಅಂತ ನೋಡಿ. ‘ಭೇಟಿಗೆ ಭಾನುವಾರ ಮಾತ್ರ, ಫೋನ್ ಮಾಡಿ ಬನ್ನಿ’ ಅನ್ನೋ ಕಡೆ ಬಿಡಬೇಡಿ. ಅಲ್ಲಿ ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ನಂಬರನ್ನ ಅಮ್ಮನ ಫೋನಿನಲ್ಲೂ ಸೇವ್ ಮಾಡಿಕೊಡಿ, ಕನ್ನಡದಲ್ಲೇ ಮಾತಾಡಬಹುದು.